ರಾಕ್ಷಸಿಯ ಕಿರುಚು

ಹರಾಜು ಕೂಗುವವನು ಗಂಟಲೆತ್ತಿದರೆ ಏಳು ಬೀದಿಯ ಗಾಜು ಪುಡಿಯಾಗಿ, ಸೂರ್ಯನೂ ಬೆಚ್ಚಿ ಗಳಿಗೆ ಮೊದಲೇ ಮುಳುಗುತ್ತಿದ್ದ. ಅಂಥ ಗಂಟಲು ಈಗ ಪೂರ್ತಿ ಕೂತುಹೋಗಿ, ಅವನು ಗಂಟಲು ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ. ಪಕ್ಕದಲ್ಲಿ ವಿಡಿಯೊ ಗೇಮ್‌ಗಳಿಗೆ ದನಿ ಕೊಡುವ ಅಕ್ಕತಂಗಿಯರು ಕೂತಿದ್ದರು.

“ಈ ಸಲಾನೂ ನಾಯಕಿ ನೀನೇ ಅಂತೆ,” ಎಂದಳು ಅಕ್ಕ.

“ಹೊಟ್ಟೆಕಿಚ್ಚಾ, ಅಕ್ಕಾ?”

“ಉರೀದೆ ಇರುತ್ತಾ? ನಾಯಕಿ ಬೆಳ್ಳಗೆ, ರಾಕ್ಷಸಿ ಮಾತ್ರ ಯಾವಾಗ್ಲೂ ಕಪ್ಪು. ಕತ್ತಿ ಏಟು ತಿಂದು ಕಿರುಚಿ ಸಾಯೋಕೆ ನಾನು.”

“ನಾಯಕಿದೇನು ಮಹಾ! ಗಂಡಸರಿಗೆ ಮೈತುಂಬ ಕವಚ, ಅವಳಿಗೆ ಕರ್ಚೀಫಿನಷ್ಟು ಬಟ್ಟೆ. ಮಾತಂತೂ ‘ಅಯ್ಯೋ, ಕಾಪಾಡಿ’ ಅಷ್ಟೇ. ನಿನಗಾದ್ರೆ ಬಾಯ್ತುಂಬ ಬೈಯೋಕಿದೆ.”

“ಬೈದು ಏನು ಬಂತು? ನನ್ನ ದನಿ ಯಾರಿಗೆ ನೆನಪಿರುತ್ತೆ? ನಾಳೆಯಿಂದ ಹೋಗಲ್ಲ, ಬಿಟ್ಟುಬಿಡ್ತೀನಿ.”

ನರ್ಸ್ ಕರೆದಳು. ಎದ್ದು ನಿಂತ ತಂಗಿ ಹರಾಜಿನವನತ್ತ ತಿರುಗಿದಳು. “ಆಗಿನಿಂದ ಕಿವಿ ಇಲ್ಲೇ ಇಟ್ಟಿದ್ದೀರಲ್ಲ ಯಜಮಾನ್ರೇ, ನಿಮ್ಮ ಗಂಟಲಿಗೇನಾಯ್ತು?”

“ಹಡಗು ಹರಾಜು ಹಾಕ್ತಿದ್ದೆ, ಸಮುದ್ರದಾಚೆಗೂ ಕೇಳ್ಬೇಕಲ್ಲ...”

“ನಿಜ ಹೇಳಿ,” ಎಂದಳು ಅಕ್ಕ.

ಅವನು ತಲೆ ತಗ್ಗಿಸಿ ಪಿಸುಗುಟ್ಟಿದ: “ಮೊಮ್ಮಗಳ ಜೊತೆ ನಿಮ್ಮ ಗೇಮ್ ಆಡ್ತಿದ್ದೆ, ತಾಯಿ. ರಾಕ್ಷಸಿ ಕಿರುಚಿದ್ಲು, ಇದೇ ನಿಮ್ಮ ದನಿ. ಹೆದರಿ ನಾನೂ ಕಿರುಚಿದೆ. ಗಂಟಲು ಅವತ್ತೇ ಹೋಯ್ತು.”

ಅಕ್ಕ ಬೀಗುತ್ತ ಒಳಗೆ ನಡೆದಳು. ಮುಖ ಊದಿಸಿಕೊಂಡ ತಂಗಿ ಹಿಂದಿನಿಂದ ಹೋದಳು.