ಆಕ್ಸಿಜನ್ ಕೊಳವಿ

ಊಟ ಆಗ್ಯಾದಲ್ಲ ಎಲ್ಲಾರದೂ? ಆಗಿದ್ರ ಚಲೋ. ಇದನ್ನ ಕೇಳಿದ ಮ್ಯಾಲ ಊಟ ಸೇರಂಗಿಲ್ಲ. ನಮ್ಮ ಅತ್ತಿ ಮಗ ಗುರುಪಾದ ಕಣ್ಣಾರೆ ಕಂಡದ್ದು, ಅವನ ಬಾಯಿಲೆ ನಾ ಕೇಳಿದ್ದು.

ಮುಂಬೈ ವಿಕ್ರೋಳಿಯಾಗ ಬಂದ್ ಬಿದ್ದ ಒಂದು ಬಣ್ಣದ ಕಾರ್ಖಾನಿ. ಅದರ ಕಂಪೌಂಡಿನಾಗ ಒಂದು ಸಣ್ಣ ಲ್ಯಾಬ್. ಗುರುಪಾದ ಅಲ್ಲಿ ಅಟೆಂಡರ್. ರಾತ್ರಿ ಬಾಗಿಲ ಹಾಕಿ ಸ್ಟೇಶನ್‌ಗೆ ಹೊಂಟ್ರ ದಾರಿಯಾಗ ಹಳೇ ಬಾವಿ, ಮ್ಯಾಲ ತಗಡು. ತಗಡಿನ ಕೆಳಗ ಒಂದು ಸಪ್ಪಳ... ಪ್ಚ್... ಪ್ಚ್... ಹಲ್ಲಿಲ್ಲದ ಮುದುಕ ಮಾವಿನಹಣ್ಣು ಚೀಪಿದಂಗ. ಕಪ್ಪಿ ಇರಬೇಕು ಅಂದ್ಕೊಂಡು ಮೂಗು ಮುಚ್ಕೊಂಡು ಹೋಗ್ತಿದ್ದ. ಆ ನೀರು ಅಷ್ಟು ನಾರ್ತಿತ್ತು. ಸತ್ತ ಇಲಿ ನಾರೋದು ಬ್ಯಾರೆ. ಇದು ತಿಂಗಳಗಟ್ಟಲೆ ತೊಳೀಲಾರದ ಬಾಯಿ ನಾರಿದಂಗ.

ಲ್ಯಾಬಿನಾಗ ನಮಿತಾ ಮೇಡಂ ಅಂತ. ಉಡುಪಿ ಕಡಿ ಮಂದಿ, ಆದ್ರ ಹುಟ್ಟಿ ಬೆಳದದ್ದು ಮುಂಬೈದಾಗಽ. ಅವರ ಕೆಲಸ ಬೆಳಕಿನಿಂದ ನೀರು ಒಡಿಯೋದು. ಗಾಜಿನ ಡಬ್ಬಿಯಾಗ ನೀರು, ಅದರಾಗ ಎರಡು ಎಲೆಕ್ಟ್ರೋಡ್ ತಗಡು. ಒಂದಕ್ಕ ತುಕ್ಕಿನ ಬಣ್ಣದ ಲೇಪ. ಅದರ ಮ್ಯಾಲ ದೀಪದ ಬೆಳಕು ಬಿತ್ತಂದ್ರ ಸಣ್ಣ ಸಣ್ಣ ಗುಳ್ಳಿ ಏಳ್ತಾವ. ಒಂದು ಕೊಳವ್ಯಾಗ ಹೈಡ್ರೋಜನ್ ಕೂಡ್ತದ, ಇನ್ನೊಂದ್ರಾಗ ಆಕ್ಸಿಜನ್. ಎಷ್ಟು ಕೂಡ್ತು ಅಂತ ನೋಡಾಕ ಕೊಳವಿ ಮ್ಯಾಲ ಅಳತಿ ಗೆರಿ. ದೀಪ ಆರಿಸಿದ್ರ ಗುಳ್ಳಿ ಬಂದ್.

"ಶುದ್ಧ ನೀರಿನಾಗ ಯಾರರೆ ಮಾಡ್ತಾರ, ಹೊಲಸು ನೀರಿನಾಗ ಮಾಡಿ ತೋರಸ್ರಿ" ಅಂದ್ರು ಲ್ಯಾಬಿನ ದೊಡ್ಡ ಸಾಹೇಬ್ರು. ಬಾವಿ ಮಗ್ಗಲದಾಗಽ ಇತ್ತಲ್ಲ. ಗುರುಪಾದ ಬಕೆಟ್ ಇಳಿಸಿದ. ಬಂದದ್ದು ಕರೀ ನೀರು. ಲೋಳಿ ಲೋಳಿ... ಎಳಿ ಎಳಿ... ಅರಿವಿಯಾಗ ಎರಡು ಸಲ ಸೋಸಿದ. ಕೈಗೆ ಹತ್ತಿದ್ದು ಸಾಬಾಣ ಹಚ್ಚಿದ್ರೂ ಬಿಡವಲ್ದು. ಮಧ್ಯಾಹ್ನ ರೊಟ್ಟಿ ಮುರದ್ರ ರೊಟ್ಟಿಗೂ ಅದಽ ನಾತ.

ದಿನಾ ಮುಂಜಾನಿ ಹಳೇ ನೀರು ಚೆಲ್ಲಿ ಹೊಸಾದು ತುಂಬೋದು ಅವನ ಕೆಲಸ. ಕೊಳವಿ ತುದಿಗೆ ಒಂದು ನಲ್ಲಿ, ನಲ್ಲಿಗೆ ರಬ್ಬರ್ ಪೈಪು. ಪೈಪಿನಿಂದ ಗಾಳಿ ಎಳದ್ರ ಕೊಳವ್ಯಾಗ ನೀರು ಏರ್ತದ. ಎಳಿಯೋ ಪಂಪು ಕೆಟ್ಟಿತ್ತು. ಗುರುಪಾದ ಬಾಯಿಲೆ ಎಳೀತಿದ್ದ.

ಮೊದಲನೇ ದಿನ ಸಂಜಿಕ್ಕ ಹೈಡ್ರೋಜನ್ ಇಪ್ಪತ್ತು ಗೆರಿ, ಆಕ್ಸಿಜನ್ ಹತ್ತು. ನೀರು ಒಡದ್ರ ಹೈಡ್ರೋಜನ್ ದುಪ್ಪಟ್ಟು ಬರಬೇಕು, ಲೆಕ್ಕ ಬರೋಬ್ಬರಿ. ಮೇಡಂ ಖುಷಿ. ಸಾಹೇಬ್ರಿಗೆ ತೋರಸೋಣು ಅಂತ ಹಂಗಽ ಬಿಟ್ಟು, ದೀಪ ಆರಿಸಿ ಹ್ವಾದ್ರು. ಮುಂಜಾನಿ ಬಂದು ನೋಡಿದ್ರ... ಹೈಡ್ರೋಜನ್ ಇದ್ದಷ್ಟು ಅದ. ಆಕ್ಸಿಜನ್ ಕೊಳವ್ಯಾಗ ತುದಿ ತನಕ ನೀರು. ನಲ್ಲಿ ಬಂದ್ ಇದ್ದದ್ದು ಬಂದಽ ಅದ.

ಹಿಂಗಽ ಹನ್ನೊಂದು ದಿನ. ಸಾಹೇಬ್ರು ಮೇಡಂಗ, "ನೀ ಸುಳ್ಳು ಬರೀತಿ. ಶುಕ್ರವಾರ ತೋರಸದಿದ್ರ ಮನಿಗೆ ಹೋಗು" ಅಂದ್ರು.

ಗುರುವಾರ ರಾತ್ರಿ ಇಬ್ಬರೂ ಲ್ಯಾಬಿನಾಗಽ ಕುಂತ್ರು. ದೀಪ ಆರಿಸಿ, ಕಿಟಕಿ ಮುಚ್ಚಿ. ಬಾಗಿಲ ಸಂದಿಯಿಂದ ಒಂದು ಎಳಿ ಬೆಳಕು ಆಕ್ಸಿಜನ್ ಕೊಳವಿ ಮ್ಯಾಲ ಬಿದ್ದಿತ್ತು, ಅಷ್ಟಽ.

"ಲೀಕ್ ಇರ್ಬೇಕು, ಗುರುಪಾದ್ ಭಾಯ್," ಮೇಡಂ ಪಿಸುಗುಟ್ಟಿದ್ರು. "ಚುಪ್ ಕೂತ್ಕೊಳ್ಳಿ."

ಹನ್ನೆರಡು ದಾಟ್ತು. ದೂರದಾಗ ಲೋಕಲ್ ರೈಲು ಹೋತು... ಧಡಕ್ ಧಡಕ್... ಆಮ್ಯಾಲ ಸುಮ್ಮ. ಬಾಗಿಲ ಹೊರಗ... ಪ್ಚ್. ಬಾಗಿಲ ಒಳಗ... ಪ್ಚ್. ನಾತ ಬಂತು. ಟೇಬಲ್ ಹತ್ರ... ಪ್ಚ್.

ಜೋತು ಬಿದ್ದಿದ್ದ ರಬ್ಬರ್ ಪೈಪು ತಾನಽ ಎದ್ದು ನಿಂತಿತು. ಅದರ ಎರಡೂ ಬದಿ ಒಳಗ ಕೂಡಿ ಚಪ್ಪಟಿ ಆತು... ಸುರ್ರ್ರ್... ಕೊಳವ್ಯಾಗ ನೀರು ಒಂದು ಗೆರಿ ಏರ್ತು. ಗುಟಕ್. ಮತ್ತ... ಸುರ್ರ್ರ್...

"ಮೇಡಂ... ಲೈಟ್ ಹಾಕ್ಲಿ?"

"ರುಕೋ, ತಡೀರಿ... ಎಂಟು... ಒಂಬತ್ತು..." ಮೇಡಂ ಗೆರಿ ಎಣಸಾಕ ಹತ್ತಿದ್ರು. "ಅಯ್ಯೋ ದೇವರೇ... ಹತ್ತು."

ಆಗ ಇಬ್ಬರ ಮಾರಿ ಮ್ಯಾಲ ಉಸಿರು ಬಿತ್ತು. ಹಾ... ಅಂತ. ತಣ್ಣಗ, ಒದ್ದಿ. ಒಂದು ಹನಿ ಗುರುಪಾದನ ತುಟಿ ಮ್ಯಾಲ ಬಿತ್ತು.

ಲೈಟ್ ಹಾಕಿದ. ಯಾರೂ ಇಲ್ಲ. ಪೈಪಿನ ತುದಿಗೆ ಹಾಲಿನ ಕೆನಿ ಹಂಗ ಏನೋ ಹತ್ತಿತ್ತು. ಮೇಡಂ ಚಿಮಟಾಲೆ ಎತ್ತಿ ದೀಪಕ್ಕ ಹಿಡದ್ರು. ತೊಗಲು. ನೀರಾಗ ನೆನದು ಬೆಳ್ಳಗಾದ ತುಟಿ ತೊಗಲು. ಅದರಾಗ ಎರಡು ಮೀಸಿ ಕೂದಲ.

ಹನ್ನೊಂದು ದಿನ... ಅದಽ ಪೈಪು ಬಾಯಾಗ ಇಟ್ಕೊಂಡಿದ್ದ ನಮ್ಮ ಗುರುಪಾದ. ದಿನಾ ತುದಿ ಲೋಳಿ ಆಗಿರ್ತಿತ್ತು. ಅಂಗಿಲೆ ಒರಸಿ, ಬಾಯಿಗಿಟ್ಟು ಎಳೀತಿದ್ದ. ಸಿಂಕಿಗೆ ಓಡಿ ಕಾರಿದ. ಕಾರಿದ್ದು ತಿಂದ ಅನ್ನ ಅಲ್ಲ. ಕರೀ ಲೋಳಿ.

ಸಪ್ಪಳ ಕೇಳಿ ವಾಚ್‌ಮನ್ ಸಾಯಬಣ್ಣ ಓಡಿ ಬಂದ. ಕಾರ್ಖಾನಿ ಕಾಲದ ಮುದುಕ. ಬಾವಿ ನೀರು ಅಂದ ಕೂಡ್ಲೇ ಹಣಿ ಬಡಕೊಂಡ.

"ಯಾಕ್ ತಗದಿ ತಮ್ಮಾ? ಕೆಸರು ತಗೀಲಾಕ ಅಂತ ಒಬ್ಬನ್ನ ಅದರಾಗ ಇಳಿಸಿದ್ರು. ಒಳಗ ವಿಷಗಾಳಿ. 'ಉಸಿರು... ಉಸಿರು...' ಅಂತ ಒದರಿದ. ಯಾರೂ ಇಳೀಲಿಲ್ಲ. ಹೆಣಾನೂ ತಗೀಲಿಲ್ಲ. ತಗಡು ಮುಚ್ಚಿ ಮರುದಿನ ಪಾಳಿ ಚಾಲೂ ಮಾಡಿದ್ರು. ಆ ನೀರಿಲೇ ನಾವು ಕೈ ತೊಳಕೊಂಡು ಉಂಡೀವಿ."

"ಛೀ!" ಅಂದ್ರು ಮೇಡಂ. "ಇವರು ಮನುಷ್ಯರಾ?"

ಮುಂಜಾನಿ ಸಾಹೇಬ್ರಿಗೆ ಎಲ್ಲಾ ಹೇಳಿ, ಪೊಲೀಸರನ್ನ ಕರಸ್ರಿ, ಅವನನ್ನ ಮ್ಯಾಲ ತಗಸ್ರಿ ಅಂದ್ರು. ಸಾಹೇಬ್ರು ಮೂಗಿಗೆ ಕರವಸ್ತ್ರ ಹಿಡಕೊಂಡು, "ಬಾವಿ ಮ್ಯಾಲ ಸಿಮೆಂಟ್ ಸ್ಲ್ಯಾಬ್ ಹಾಕಸ್ರಿ" ಅಂದ್ರು. ಮೇಡಂ ಅವರ ಟೇಬಲ್ ಮುಂದಽ ಉಗುಳಿ ಕೆಲಸ ಬಿಟ್ರು. ಗುರುಪಾದನೂ ಬಿಟ್ಟ. ಈಗ ವಡಾಲದಾಗ ಹೋಟೆಲ್‌ನ್ಯಾಗ ಅದಾನ. ಲೋಟಕ್ಕ ತುಟಿ ಹಚ್ಚಂಗಿಲ್ಲ. ಚಹಾನೂ ಎತ್ತಿ ಸುರಕೋತಾನ.

ಸ್ಲ್ಯಾಬ್ ಹಾಕಿದ ಮರುದಿನ ನಟ್ಟನಡುವ ಒಂದು ತೂತು ಬಿದ್ದಿತ್ತಂತ. ಕೈಬಟ್ಟು ಹೋಗುವಷ್ಟು, ಅಂಚು ನುಣ್ಣಗ. ಮುಚ್ಚಿದ್ರು. ಮತ್ತ ಬಿತ್ತು. ಮೂರನೇ ಸಲ ಮೇಸ್ತ್ರಿ ಕೈ ಮುಗದು ಹ್ವಾದ.

ನಾನೂ ನಂಬಿರಲಿಲ್ಲ. ಹೋದ ತಿಂಗಳ ಒಂದು ಆಯಿತವಾರ, ಹಾಡಹಗಲ, ನಾನಽ ವಿಕ್ರೋಳಿಗೆ ಹೋಗಿ ಆ ತೂತಿನ ಮ್ಯಾಲ ಅಂಗೈ ಇಟ್ಟೆ. ನನ್ನ ಮಕ್ಕಳಾಣಿ... ಗಾಳಿ ಹೊರಗ ಬರ್ತಿರಲಿಲ್ಲ.

ಒಳಗ ಹೋಗ್ತಿತ್ತು.