ಅರ್ಧ ಕೋಬಾಲ್ಟ್, ಅರ್ಧ ನಿಕ್ಕಲ್ ಇದ್ದ ಬಾಟಲಿ

"ಕೈಗುಣ ಸಾ ಅದು, ಎಲ್ರಿಗೂ ಬರಾಕಿಲ್ಲ" ಎಂದು ಅಂಕಯ್ಯ ಅಂದದ್ದು ಸೋಮವಾರವೋ ಅದರ ಹಿಂದಿನ ಶನಿವಾರವೋ ಸರಿಯಾಗಿ ನೆನಪಿಲ್ಲ. ಅಲ್ಲಿಂದಲೇ ಶುರುಮಾಡಬೇಕೆಂದಿದ್ದೆ. ಮೊದಲು ಹೆಸರು, ವಿಳಾಸ ಹೇಳಿ ಎಂದು ಸಬ್ ಇನ್ಸ್‌ಪೆಕ್ಟರ್ ಮೇಡಂ ಸೂಚಿಸಿದ್ದರಿಂದ ಹೇಳುತ್ತಿದ್ದೇನೆ.

ಹೆಸರು ಜಯಪ್ರಕಾಶ್, ತಂದೆ ಲೇಟ್ ಪುಟ್ಟಮಾದಯ್ಯ, ವಯಸ್ಸು ೫೧, ಗೆಜ್ಜಲಗೆರೆ ಬಳಿಯ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ, ವಾಸ ಮಳವಳ್ಳಿ ಟೌನ್. ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಪ್ರಯೋಗಾಲಯದಿಂದ ಕಾಣೆಯಾದ ಐದು ಬಾಟಲಿಗಳನ್ನು ತೆಗೆದವನು ನಾನು. ಅಟೆಂಡರ್ ಅಂಕಯ್ಯ ಅಲ್ಲ.

ಬಾಟಲಿಗಳಲ್ಲಿ ಇದ್ದದ್ದು ಕೋಬಾಲ್ಟ್-ನಿಕ್ಕಲ್ ಫೆರೈಟ್. ಕಬ್ಬಿಣದ ಲವಣದ ಜೊತೆ ಈ ಎರಡು ಲೋಹದ ಲವಣಗಳನ್ನು ಸೇರಿಸಿ, ಕುದಿಸಿ, ಸುಟ್ಟು ಮಾಡುವ ಕಪ್ಪು ಪುಡಿ. ಕೋಬಾಲ್ಟ್ ಹೆಚ್ಚಿದ್ದರೆ ಒಮ್ಮೆ ಹಿಡಿದ ಕಾಂತತ್ವವನ್ನು ಸುಲಭಕ್ಕೆ ಬಿಡುವುದಿಲ್ಲ. ನಿಕ್ಕಲ್ ಹೆಚ್ಚಿದ್ದರೆ ಬೇಗ ಬಿಡುತ್ತದೆ. ಯಾವ ಪ್ರಮಾಣದಲ್ಲಿ ಎಷ್ಟು ಹಿಡಿಯುತ್ತದೆ ಎಂದು ಅಳೆಯುವುದು ನಮ್ಮ ಕೆಲಸ. ನಾನು ಒಂಬತ್ತು ವರ್ಷ ಮಾಡಿದ್ದೇನೆ. ನನ್ನ ಕಣಗಳು ಪ್ರತಿ ಸಲವೂ ಒಂದಕ್ಕೊಂದು ಅಂಟಿ ಗಡ್ಡೆಯಾದವು.

ವೀಣ ಎಂಬುವವರು, ವಯಸ್ಸು ೨೯, ಕೆರಗೋಡಿನ ಜವರಯ್ಯನವರ ಮಗಳು, ಮೂರು ವರ್ಷದ ಹಿಂದೆ ಅದೇ ವಿಷಯದಲ್ಲಿ, ಬೇರೊಬ್ಬರ ಮಾರ್ಗದರ್ಶನದಲ್ಲಿ, ಸಂಶೋಧನೆಗೆ ಸೇರಿದರು. ಅಂಗಡಿಯ ಸಿಟ್ರಿಕ್ ಆಮ್ಲದ ಬದಲು ತಮ್ಮ ಗದ್ದೆಯ ಕಬ್ಬಿನ ಹಾಲು ತಂದು ಅದರಲ್ಲಿ ಕುದಿಸಿದರು. ಕಾಲೇಜಿಗೂ ಆಲೆಮನೆ ಬಂತಾ ತಾಯಿ ಎಂದು ನಾನು ಕೇಳಿದೆ. "ಮೊದಲನೇ ಅಚ್ಚು ಬೆಲ್ಲ ನಿಮಗೇ ಸಾರ್" ಎಂದು ಅವರು ನಕ್ಕರು. ಕಲಕುತ್ತಿದ್ದವನು ಅಂಕಯ್ಯ. ಅವನು ವೈದ್ಯನಾಥಪುರದವನು, ಕಾಲೇಜಿಗೆ ಸೇರುವ ಮೊದಲು ಹನ್ನೆರಡು ವರ್ಷ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತಿದ್ದವನು. "ಇಳ್ಸಿ ಕಣಮ್ಮ, ಇನ್ನೊಂದು ಗಳಿಗೆ ಬುಟ್ರೆ ಸೀದೋಯ್ತದೆ" ಎನ್ನುತ್ತಿದ್ದ. ಅವರು ಇಳಿಸುತ್ತಿದ್ದರು. ಅವರ ಕಣಗಳು ಗಡ್ಡೆಯಾಗಲಿಲ್ಲ. ಮೊದಲು ಹೇಳಿದ ಕೈಗುಣದ ಮಾತನ್ನು ಅಂಕಯ್ಯ ಅಂದದ್ದು ಇದಕ್ಕೇ.

ದಿನಾಂಕ ೧೧-೦೨-೨೦೨೫ ಮಂಗಳವಾರ ಸಂಜೆ ೪.೨೦ಕ್ಕೆ ವೀಣ ತಮ್ಮ ಪ್ರಬಂಧದ ಕರಡನ್ನು ನನ್ನ ಮೇಜಿನ ಮೇಲಿಟ್ಟು, ಒಮ್ಮೆ ನೋಡಬೇಕೆಂದು ಕೇಳಿ ಮಂಡ್ಯದ ಬಸ್ಸಿಗೆ ಹೋದರು. ನಾನು ಮೊದಲು ತೆಗೆದದ್ದು ಕೃತಜ್ಞತೆಯ ಪುಟ. ಹನ್ನೊಂದು ಹೆಸರುಗಳಿದ್ದವು. ಏಳನೆಯದು ಅಂಕಯ್ಯನದು, ಪಾಕದ ಹದ ಕಲಿಸಿದವರು ಎಂದು. ನನ್ನ ಹೆಸರನ್ನು ಎರಡು ಸಲ ಹುಡುಕಿದೆ. ಪುಟ ತಿರುಗಿಸಿ ಹಿಂಬದಿಯನ್ನೂ ನೋಡಿದೆ.

೪.೫೦ಕ್ಕೆ ಅಂಕಯ್ಯ ಬೀಗದ ಕೈಗಳ ಗೊಂಚಲನ್ನು ನನ್ನ ಕೈಗೆ ಕೊಟ್ಟು ನೀರಿನ ಮೋಟರ್ ನಿಲ್ಲಿಸಲು ಹೋದ. ನಾನು ಬೀರು ತೆಗೆದು ವೀಣ ಅವರ ಐದು ಬಾಟಲಿಗಳ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಬೆಳಿಗ್ಗೆ ವಾಪಸ್ ಇಡುವ ಉದ್ದೇಶವಿತ್ತು. ಐದು ನಿಮಿಷಕ್ಕೆ ಬಂದವನಿಗೆ ಗೊಂಚಲು ಹಿಂದಿರುಗಿಸಿದೆ. "ಉಸಾರಾಗಿ ಓಗಿ ಸಾ, ದೊಡ್ಡಿ ತಾವ ರಸ್ತೆ ಅಗ್ದವ್ರೆ" ಎಂದ.

ಮನೆಗೆ ೩೧ ಕಿ.ಮೀ. ೬.೦೫ಕ್ಕೆ ತಲುಪಿದೆ. ೬.೩೦ಕ್ಕೆ ಊಟದ ಟೇಬಲ್ಲಿನ ಮೇಲೆ ನನ್ನ ಪುಡಿಯ ಬಾಟಲಿಯನ್ನೂ ಅವರ ಮೂರನೇ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟೆ. ಅದರಲ್ಲಿ ಕೋಬಾಲ್ಟ್, ನಿಕ್ಕಲ್ ಸಮಸಮ. ಅವರ ಪ್ರಬಂಧ ನಿಂತಿರುವುದೇ ಅದರ ಮೇಲೆ. ಗಾಜಿನ ಹೊರಗಿನಿಂದ ಅಯಸ್ಕಾಂತ ಹಿಡಿದೆ. ನನ್ನದು ಒಂದೇ ಮುದ್ದೆಯಾಗಿ ಉರುಳಿತು. ಅವರದು ಹೊಗೆಯ ಹಾಗೆ ಎದ್ದು ನಿಂತಿತು. ಆಗ ನಾನು ಮುಚ್ಚಳ ತೆಗೆದೆ.

ಅಯಸ್ಕಾಂತಕ್ಕೆ ಕಾಗದ ಸುತ್ತದೆ ಪುಡಿಯ ಬಳಿ ತರಬಾರದು ಎಂದು ೨೪ ವರ್ಷದಿಂದ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇನೆ. ಬರಿ ಅಯಸ್ಕಾಂತವನ್ನೇ ಬಾಟಲಿಯ ಬಾಯಿಗೆ ಹಿಡಿದೆ. ಇದ್ದದ್ದೇ ೦.೪ ಗ್ರಾಂ, ಅಷ್ಟೂ ಎಗರಿ ಕೂತಿತು. ಬ್ರಷ್ಷಿನಿಂದ ಕೆರೆದರೆ ಬ್ರಷ್ಷಿಗೆ ಹತ್ತಿತು, ಕರವಸ್ತ್ರದಿಂದ ಒರೆಸಿದರೆ ನೂಲಿನೊಳಗೆ ಹೋಯಿತು. ನನ್ನ ಹೆಂಡತಿ ಸುನಿತಾ ಬಂದು, "ಏನ್ರೀ ಇದು, ಉಣ್ಣೋ ಜಾಗದಲ್ಲಿ ಮಸಿ?" ಎಂದು ಕೇಳಿದಳು. ಕಾಲೇಜಿನ ಧೂಳು ಎಂದೆ.

ಒಂದು ಖಾಲಿ ಬಾಟಲಿಯ ಜೊತೆ ಡಬ್ಬಿಯನ್ನು ವಾಪಸ್ ಇಡಲು ಆಗಲಿಲ್ಲ. ಬುಧವಾರ ಬೆಳಿಗ್ಗೆ ೧೦.೧೫ಕ್ಕೆ ವೀಣ ಬೀರು ತೆಗೆದರು. ಬೀಗ ಸರಿಯಾಗಿದ್ದುದರಿಂದ ಕಾಲೇಜಿನವರು ಗೊಂಚಲು ಇಟ್ಟುಕೊಂಡವನ ಮೇಲೆ ದೂರು ಕೊಟ್ಟರು, ಗುರುವಾರದಿಂದ ಕೆಲಸಕ್ಕೆ ಬರಬೇಡವೆಂದರು. ಅದೇ ಬುಧವಾರ ೧೧.೩೦ಕ್ಕೆ ಮೆಟ್ಟಿಲ ಬಳಿ ಅಂಕಯ್ಯ ನನ್ನನ್ನು ತಡೆದು, "ಗೊಂಚ್ಲು ಒಸಿ ಒತ್ತು ನಿಮ್ಮ ಕೈಲೂ ಇತ್ತಲ್ವಾ ಸಾ, ಅದೊಂದು ಮಾತು ಯೋಳ್ಬುಡಿ" ಎಂದು ಕೇಳಿದ. ನೆನಪಿಲ್ಲ ಎಂದೆ. ಅವನು "ಬುಡಿ" ಎಂದ.

ನಿನ್ನೆ ಶುಕ್ರವಾರ ವೀಣ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, ಪುಡಿ ಹೋದರೆ ಹೋಗಲಿ, ದೂರು ವಾಪಸ್ ತೆಗೆದುಕೊಳ್ಳಿ, ಅಂಕಯ್ಯ ಅಂಥವರಲ್ಲ ಎಂದು ಪ್ರಾಂಶುಪಾಲರನ್ನು ಕೇಳಿಕೊಂಡರು. ಮೂರು ವರ್ಷದ ಅವಧಿಯ ಕೊನೆಯ ಅಳತೆ ಬೆಂಗಳೂರಿನಲ್ಲಿ ಸೋಮವಾರಕ್ಕೆ ನಿಗದಿಯಾಗಿದೆ. ಅಷ್ಟನ್ನು ಬಿಟ್ಟುಕೊಟ್ಟು ನನ್ನ ಪರ ಮಾತಾಡುವವರು ಯಾರಿದ್ದಾರೆ ಎಂದು ಮನೆಯವರೆಗೂ ಎಣಿಸುತ್ತಾ ಹೋದೆ. ಯಾರೂ ಸಿಗಲಿಲ್ಲ.

ಇಂದು ಬೆಳಿಗ್ಗೆ ೯.೪೦ಕ್ಕೆ ಠಾಣೆಗೆ ನಾನಾಗಿಯೇ ಬಂದು ನಾಲ್ಕು ಬಾಟಲಿ, ಖಾಲಿಯಾದ ಒಂದು ಬಾಟಲಿ, ಅಯಸ್ಕಾಂತ, ಕರವಸ್ತ್ರ ಒಪ್ಪಿಸಿದ್ದೇನೆ. ಅಂಕಯ್ಯನನ್ನು ಈ ಪ್ರಕರಣದಿಂದ ಕೈಬಿಡಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಮದ್ದೂರು
ದಿನಾಂಕ: ೧೫-೦೨-೨೦೨೫
ಸಹಿ: ಜಯಪ್ರಕಾಶ್

ಸಹಿಯ ಕೆಳಗಿನ ಈ ಸಾಲನ್ನು ಮೇಡಂ ಅನುಮತಿಯಿಂದ ನಾನೇ ಬರೆದಿದ್ದೇನೆ: ಪುಡಿ ಬಹಳ ಚೆನ್ನಾಗಿ ಬಂದಿದೆ ಎಂದು ನಿಮ್ಮೆದುರು ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ವೀಣ?