ಹುಳುಮನೆಯಲ್ಲಿ ಕಲಿತ ಮೆಲುದನಿ

ಸುಗಟೂರಿನಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಹಿಂದೆ ಅಜ್ಜಿ ಕದಿರಮ್ಮ, ಮೊಮ್ಮಗಳು ರಜನಿ. ಹಿಂದಿ ಸಿನಿಮಾಗಳಿಗೆ ನಲವತ್ತು ವರ್ಷ ಹಾಡಿದ ಊರ ಮಗಳು ಇಂದುಮತಿಗೆ ಕೋಲಾರದಲ್ಲಿ ಅಂದು ಸನ್ಮಾನವಿತ್ತು.

“ಹಿಂದೆ ನಿಂತು ನೋಡ್ಕೊಂಡು ಬಂದ್ಬಿಡೋಣ ಕಣೇ. ಅವಳಿಗೆ ನನ್ ಮೇಲೆ ಕೋಪ ಇರುತ್ತೆ,” ಅಂದರು ಅಜ್ಜಿ.

“ಯಾಕವ್ವ?”

“ನಮ್ ರೇಷ್ಮೆಹುಳ ಮನೇಲಿ ಸೊಪ್ಪು ಹಾಕ್ತಾ ಗಂಟಲು ಹರ್ಕೊಂಡು ಹಾಡೋಳು. ಹುಳ ಬೆದರ್ತವೆ, ಮೆಲ್ಲಗೆ ಹಾಡೇ ಅಂತ ದಿನಾ ಬೈತಿದ್ದೆ.”

“ಆ ಅಕ್ಕ ನೀನಾ? ಇಷ್ಟು ಮೆಲುದನಿ ಎಲ್ಲಿ ಕಲಿತ್ರಿ ಅಂತ ಟಿವೀಲಿ ಕೇಳಿದ್ರೆ, ಹುಳಮನೇಲಿ ಬೈತಿದ್ದ ಅಕ್ಕನೇ ನನ್ ಗುರು ಅಂದ್ರು.”

ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಅಷ್ಟರಲ್ಲಿ ಬಸ್ ಬಂತು.

“ಬೇಗ ಹತ್ತೇ ರಜನಿ. ಮುಂದಿನ ಸಾಲು ತುಂಬೋಗುತ್ತೆ.”